ಚುನಾವಣೆ ಮುಗಿಯುವವರೆಗೆ ಸಮಸ್ಯೆ ಹಾಗೇ ಇರಲಿ: ಅಮೆರಿಕದ ಗಡಿ ಮಸೂದೆ ಬಿದ್ದ ಬಗೆ

ಎಲ್ಲರಿಗೂ ನಮಸ್ಕಾರ. ಇದು ಮಾತಾಡಿದ್ದರ ಬರಹ ರೂಪ. ಹಾಗಾಗಿ ಅಲ್ಲಲ್ಲಿ ಮಾತಿನ ಧಾಟಿ ಉಳಿದುಕೊಂಡಿದೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

ನಾನು ಹೇಳಹೊರಟಿರುವುದು ಒಂದೇ ಒಂದು ಮಸೂದೆಯ ಕಥೆ. 2024ರ ಫೆಬ್ರವರಿ 4, ಭಾನುವಾರ ಸಂಜೆ, ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ 370 ಪುಟದ ಒಂದು ಗಡಿ ಮಸೂದೆ ಹೊರಬಂತು. ಬುಧವಾರ ಅದು ಬಿದ್ದುಹೋಯಿತು. ನಾಲ್ಕು ತಿಂಗಳು ಕೂತು ಬರೆದದ್ದಕ್ಕೆ ಮೂರು ದಿನದ ಆಯಸ್ಸು. ಅದನ್ನು ಬೀಳಿಸಿದವರು ಯಾರು ಗೊತ್ತಾ? ಅದು ಬೇಕೇ ಬೇಕು ಅಂತ ಹಟ ಹಿಡಿದಿದ್ದ ಪಕ್ಷದವರೇ. ಯಾಕೆ ಹೀಗಾಯಿತು, ಹೀಗೆ ಮಾಡಿದರೆ ಯಾರಿಗೆ ಏನು ಲಾಭ ಅನ್ನುವುದೇ ಇವತ್ತಿನ ವಿಷಯ.

ಸ್ವಲ್ಪ ಹಿಂದಕ್ಕೆ ಹೋಗೋಣ. 2023ರ ಅಕ್ಟೋಬರಿನಲ್ಲಿ ಡೆಮಾಕ್ರಟ್ ಪಕ್ಷದ ಅಧ್ಯಕ್ಷ ಬೈಡನ್ ಕಾಂಗ್ರೆಸ್ಸನ್ನು, ಅಂದರೆ ಅಲ್ಲಿನ ಸಂಸತ್ತನ್ನು, ಸುಮಾರು 10,600 ಕೋಟಿ ಡಾಲರ್ ಕೇಳಿದರು. ಉಕ್ರೇನಿಗೆ, ಇಸ್ರೇಲಿಗೆ, ಜೊತೆಗೆ ಗಡಿಗೆ. ಸೆನೆಟ್ಟಿನಲ್ಲಿದ್ದ ಎದುರು ಪಕ್ಷದ ರಿಪಬ್ಲಿಕನ್ನರು ಒಂದು ಷರತ್ತು ಹಾಕಿದರು. ಬರೀ ದುಡ್ಡು ಸಾಲದು, ಮೆಕ್ಸಿಕೊ ಗಡಿಯ ಕಾನೂನೇ ಬದಲಾಗಬೇಕು, ಅದು ಆಗದೆ ಉಕ್ರೇನಿಗೆ ಒಂದು ಕಾಸೂ ಇಲ್ಲ. ಡಿಸೆಂಬರ್ 6ರಂದು ಸಹಾಯದ ಮಸೂದೆ ಮತಕ್ಕೆ ಬಂದಾಗ ಇದೇ ಕಾರಣ ಕೊಟ್ಟು ತಡೆದೂ ಬಿಟ್ಟರು. ಅದೇ ತಿಂಗಳು ದಕ್ಷಿಣದ ಗಡಿಯಲ್ಲಿ ಗಸ್ತು ಪಡೆಯವರ ಕೈಗೆ ಸಿಕ್ಕವರು ಸುಮಾರು 2.5 ಲಕ್ಷ. ಅಲ್ಲಿಯವರೆಗೆ ಯಾವ ತಿಂಗಳಲ್ಲೂ ಅಷ್ಟು ಜನ ಸಿಕ್ಕಿರಲಿಲ್ಲ. ಅಂದರೆ ಷರತ್ತು ಸುಮ್ನೆ ಹುಟ್ಟಿದ್ದಲ್ಲ. ಸಮಸ್ಯೆ ನಿಜವಾಗಿಯೂ ಇತ್ತು, ನ್ಯೂಯಾರ್ಕ್, ಶಿಕಾಗೊದಂಥ ಡೆಮಾಕ್ರಟ್ ನಗರಗಳ ಮೇಯರುಗಳೇ ಇನ್ನು ಜಾಗವಿಲ್ಲ ಅಂತ ಕೂಗುತ್ತಿದ್ದರು.

ಮೂವರು ಕೂತು ಬರೆಯಲು ಶುರು ಮಾಡಿದರು. ಒಕ್ಲಹೋಮದ ರಿಪಬ್ಲಿಕನ್ ಜೇಮ್ಸ್ ಲ್ಯಾಂಕ್‌ಫರ್ಡ್, ಕನೆಕ್ಟಿಕಟ್ಟಿನ ಡೆಮಾಕ್ರಟ್ ಕ್ರಿಸ್ ಮರ್ಫಿ, ಅರಿಜೋನಾದ ಪಕ್ಷೇತರ ಸದಸ್ಯೆ ಕಿರ್ಸ್ಟನ್ ಸಿನೆಮಾ. ಲ್ಯಾಂಕ್‌ಫರ್ಡ್ ಅಂದರೆ ಮೆದು ಮನುಷ್ಯ ಅಂದುಕೊಳ್ಳಬೇಡಿ. ಅಪ್ಪಟ ಸಂಪ್ರದಾಯವಾದಿ, ರಾಜಕೀಯಕ್ಕೆ ಬರುವ ಮೊದಲು ಬ್ಯಾಪ್ಟಿಸ್ಟ್ ಚರ್ಚಿನವರ ಯುವಜನ ಶಿಬಿರ ನಡೆಸುತ್ತಿದ್ದವರು. ಅವರನ್ನು ಮಾತುಕತೆಗೆ ಕೂರಿಸಿದ್ದು ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್.

ಡೆಮಾಕ್ರಟರು ಈ ಸಲ ಎಷ್ಟು ಬಗ್ಗಿದರು ಅನ್ನುವುದನ್ನು ಗಮನಿಸಬೇಕು. ಅದಕ್ಕೂ ಹಿಂದಿನ ಸುಮಾರು ಇಪ್ಪತ್ತು ವರ್ಷ ಅವರ ಪಟ್ಟು ಒಂದೇ ಆಗಿತ್ತು. ಗಡಿ ಬಿಗಿ ಮಾಡೋಣ, ಆದರೆ ಈಗಾಗಲೇ ದಾಖಲೆ ಇಲ್ಲದೆ ಬದುಕುತ್ತಿರುವವರಿಗೆ, ಮುಖ್ಯವಾಗಿ ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಬಂದ ಮಕ್ಕಳಿಗೆ, ಪೌರತ್ವದ ದಾರಿ ಕೊಡಿ. 2024ರ ಮಸೂದೆಯಲ್ಲಿ ಆ ಮಾತೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಅಲೆಕ್ಸ್ ಪಡಿಯಾ ಅವರಂಥ ಡೆಮಾಕ್ರಟರು ಇದಕ್ಕೇ ಸಿಟ್ಟಾಗಿ ವಿರುದ್ಧ ಮತ ಹಾಕಿದರು.

ಒಟ್ಟು 11,800 ಕೋಟಿ ಡಾಲರ್. ಅದರಲ್ಲಿ ಗಡಿಗೆ 2,000 ಕೋಟಿ. ತಮ್ಮ ದೇಶದಲ್ಲಿ ಅಪಾಯವಿದೆ ಅಂತ ಆಶ್ರಯ ಕೇಳಿ ಬಂದವರ ಮೊದಲ ಸಂದರ್ಶನದ ಮಟ್ಟವನ್ನು ಏರಿಸುವುದು, ವರ್ಷಗಟ್ಟಲೆ ಎಳೆಯುವ ಅರ್ಜಿಗಳನ್ನು ಕೆಲವು ತಿಂಗಳಲ್ಲಿ ಮುಗಿಸುವುದು. ಮತ್ತೆ ಎಲ್ಲರೂ ಜಗಳ ಆಡಿದ ಒಂದು ಅಂಶ ಇತ್ತು. ಗಡಿಯಲ್ಲಿ ಸಿಕ್ಕವರ ಏಳು ದಿನಗಳ ಸರಾಸರಿ ದಿನಕ್ಕೆ 5,000 ದಾಟಿದರೆ, ಅಥವಾ ಒಂದೇ ದಿನ 8,500 ದಾಟಿದರೆ, ಅಕ್ರಮವಾಗಿ ದಾಟಿ ಬಂದವರಿಗೆ ಆಶ್ರಯ ಕೇಳುವ ಬಾಗಿಲನ್ನೇ ಮುಚ್ಚಬೇಕು. 4,000 ಮುಟ್ಟಿದರೆ ಸರ್ಕಾರ ಬೇಕಿದ್ದರೆ ಮುಚ್ಚಬಹುದು. ಗಡಿ ಗಸ್ತು ಸಿಬ್ಬಂದಿಯ ಯೂನಿಯನ್ ಈ ಮಸೂದೆಗೆ ಬೆಂಬಲ ಕೊಟ್ಟಿತು, ಅದು ಹಿಂದೆ ಟ್ರಂಪ್ ಅವರನ್ನು ಬೆಂಬಲಿಸಿದ್ದ ಯೂನಿಯನ್.

ನಮ್ಮವರಿಗೆ ಸಂಬಂಧಪಟ್ಟ ಎರಡು ವಿಷಯವೂ ಇದರೊಳಗೆ ಸೇರಿಕೊಂಡಿದ್ದವು. ಐದು ವರ್ಷ, ವರ್ಷಕ್ಕೆ 50,000 ಹೆಚ್ಚುವರಿ ವಲಸೆ ವೀಸಾ. ಅದರಲ್ಲಿ 18,000 ಉದ್ಯೋಗದ ಲೆಕ್ಕದ್ದು. ಮತ್ತೆ ಎಚ್-1ಬಿ ಅನ್ನುವ ಉದ್ಯೋಗ ವೀಸಾದ ಮೇಲೆ ಹೋದ ನೌಕರರ ಮಕ್ಕಳ ವಿಷಯ. ಎಂಟು ವರ್ಷ ಕಾನೂನುಬದ್ಧವಾಗಿ ಅಲ್ಲಿ ಬೆಳೆದ ಮಕ್ಕಳು 21 ತುಂಬಿದ ದಿನವೇ ಅಪ್ಪ ಅಮ್ಮ ಗ್ರೀನ್ ಕಾರ್ಡಿಗೆ, ಅಂದರೆ ಕಾಯಂ ವಾಸದ ಪರವಾನಗಿಗೆ, ಕಾಯುವ ಸಾಲಿನಿಂದ ಹೊರಗೆ ಬೀಳಬಾರದು ಅನ್ನುವ ರಕ್ಷಣೆ. ಸನ್ನಿವೇಲ್, ಡಲ್ಲಾಸ್ ಕಡೆ ನಿಮ್ಮ ಅಕ್ಕನ ಮನೆಯವರೋ ತಮ್ಮನ ಮನೆಯವರೋ ಇದ್ದರೆ ಅವರ ಮನೆಯಲ್ಲಿ ಈ 21ರ ಮಾತು ಎಷ್ಟು ಸಲ ಬರುತ್ತದೆ ಅಂತ ನಿಮಗೇ ಗೊತ್ತಿರುತ್ತದೆ. ಮಸೂದೆ ಬಿದ್ದಾಗ ಇದೂ ಜೊತೆಗೇ ಬಿತ್ತು. ಅಮೆರಿಕದ ಟಿವಿಯಲ್ಲಿ ಇದರ ಬಗ್ಗೆ ಹೆಚ್ಚು ಮಾತೇ ಬರಲಿಲ್ಲ.

ಈಗ ಜನವರಿಗೆ ಬರೋಣ. ಅಸಲಿ ಆಟ ನಡೆದದ್ದು ಆ ತಿಂಗಳು.

ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ ಜನವರಿ 15ಕ್ಕೆ ಅಯೋವಾ ರಾಜ್ಯದಲ್ಲಿ, 23ಕ್ಕೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಎರಡೂ ಕಡೆ ಟ್ರಂಪ್ ಗೆದ್ದರು. ರಿಪಬ್ಲಿಕನ್ ಅಭ್ಯರ್ಥಿ ಯಾರು ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿದ ಹಾಗೆಯೇ. ಮಾರನೇ ದಿನ, 24ರಂದು, ಮುಚ್ಚಿದ ಬಾಗಿಲ ಸಭೆಯಲ್ಲಿ ಮೆಕಾನೆಲ್ ತಮ್ಮ ಸದಸ್ಯರಿಗೆ ಹೇಳಿದ ಮಾತು ಸಂಜೆಯೊಳಗೆ ಪತ್ರಕರ್ತರ ಕೈ ಸೇರಿತು. ನಾವು ಇಕ್ಕಟ್ಟಿನಲ್ಲಿದ್ದೇವೆ, ನಮ್ಮ ಅಭ್ಯರ್ಥಿ ವಲಸೆ ವಿಷಯ ಇಟ್ಟುಕೊಂಡೇ ಚುನಾವಣೆ ಎದುರಿಸಬೇಕು ಅಂತಿದ್ದಾರೆ, ಅವರಿಗೆ ಅಡ್ಡಿಯಾಗುವಂಥದ್ದು ನಾವು ಮಾಡಬಾರದು ಅನ್ನುವುದು ಅದರ ತಿರುಳು. ಅವರೇ ಕೂರಿಸಿದ ಮಾತುಕತೆ ಅಂತ ಆಗಲೇ ಹೇಳಿದೆನಲ್ಲ.

ಇನ್ನು ಕೆಲವರು ಇಷ್ಟು ಸುತ್ತಿ ಬಳಸಿ ಹೇಳಲಿಲ್ಲ. ಟೆಕ್ಸಸ್ಸಿನ ಕೆಳಮನೆ ಸದಸ್ಯ ಟ್ರಾಯ್ ನೆಲ್ಸ್ ಅದೇ ತಿಂಗಳ ಶುರುವಿನಲ್ಲಿ ಟಿವಿ ವರದಿಗಾರರ ಮುಂದೆಯೇ ಹೇಳಿಬಿಟ್ಟರು, ಜೋ ಬೈಡನ್ ಜನಪ್ರಿಯತೆ ಏರುವುದಕ್ಕೆ ಸಹಾಯ ಆಗುವ ಕೆಲಸ ಜಾಸ್ತಿ ಏನೂ ಮಾಡುವ ಮನಸ್ಸು ತನಗಿಲ್ಲ ಅಂತ. ನನಗೆ ಆ ಮನುಷ್ಯನ ಬಗ್ಗೆ ಒಂದು ಥರದ ಗೌರವ ಇದೆ, ಮುಚ್ಚುಮರೆ ಇಲ್ಲ. ಟ್ರಂಪ್ ಕೂಡ ಮುಚ್ಚಿಡಲಿಲ್ಲ. ಬೇಕಾದ್ದೆಲ್ಲ ಸಿಗದಿದ್ದರೆ ಒಪ್ಪಂದವೇ ಬೇಡ ಅಂತ ಬರೆದರು. ಜನವರಿ 27ರಂದು ಲಾಸ್ ವೆಗಾಸ್ ಸಭೆಯಲ್ಲಿ, ಸೆನೆಟರುಗಳು ನನ್ನ ಮೇಲೆ ತಪ್ಪು ಹೊರಿಸುತ್ತಿದ್ದಾರೆ, ಪರವಾಗಿಲ್ಲ, ದಯವಿಟ್ಟು ನನ್ನ ಮೇಲೇ ಹೊರಿಸಿ ಅಂದರು.

ಪಕ್ಷದ ಒಳಗೇ ಕೆಲವರಿಗೆ ಇದು ಅಸಹ್ಯ ಅನ್ನಿಸಿತು. 2012ರಲ್ಲಿ ಅಧ್ಯಕ್ಷ ಅಭ್ಯರ್ಥಿಯಾಗಿದ್ದ ಮಿಟ್ ರಾಮ್ನಿ, ಬೈಡನ್‌ರನ್ನು ದೂಷಿಸಬೇಕು ಅನ್ನುವ ಒಂದೇ ಕಾರಣಕ್ಕೆ ಗಡಿ ಸಮಸ್ಯೆ ಬಗೆಹರಿಸಬೇಡಿ ಅಂತ ಹೇಳುವುದು ದಿಗಿಲು ಹುಟ್ಟಿಸುವ ವಿಷಯ ಅಂದರು. ಅಂದದ್ದೇನೋ ಸರಿ. ಆದರೆ ರಾಮ್ನಿ ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಅಂತ ಅದಕ್ಕೂ ಮೊದಲೇ ಘೋಷಿಸಿದ್ದರು. ಇದೂ ಲೆಕ್ಕದ ಭಾಗವೇ, ಅಲ್ವಾ? ಮತ್ತೆ ಟಿಕೆಟ್ ಬೇಕಾದವರು ಹಾಗೆ ಮಾತಾಡುವುದು ಕಷ್ಟ.

ಜನವರಿ 26ಕ್ಕೆ ಕೆಳಮನೆಯ ರಿಪಬ್ಲಿಕನ್ ಸ್ಪೀಕರ್ ಮೈಕ್ ಜಾನ್ಸನ್ ತಮ್ಮ ಸದಸ್ಯರಿಗೆ ಪತ್ರ ಬರೆದರು. ಕೇಳಿಬರುತ್ತಿರುವ ವಿವರಗಳು ನಿಜವಾದರೆ ಈ ಮಸೂದೆ ನಮ್ಮ ಮನೆಗೆ ಬರುವಾಗಲೇ ಹೆಣವಾಗಿರುತ್ತದೆ ಅನ್ನುವ ಧಾಟಿಯ ಪತ್ರ. ತಾರೀಖು ನೋಡಿ. ಪಠ್ಯ ಹೊರಬರುವುದಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಇದು ಟ್ರಂಪ್ ಮಾತು ಕೇಳಿ ಮಾಡಿದ್ದಲ್ಲ ಅಂತ ಜಾನ್ಸನ್ ಹೇಳಿದರು.

ಗಂಡಿನ ಕಡೆಯವರು ಕೇಳಿದ ಒಡವೆ, ಕೇಳಿದ ಛತ್ರ, ಕೇಳಿದ ಮುಹೂರ್ತ ಎಲ್ಲಕ್ಕೂ ಹೆಣ್ಣಿನ ಕಡೆಯವರು ಹೂಂ ಅಂದ ಮೇಲೆ, ಗಂಡಿನ ಕಡೆಯವರೇ ಲಗ್ನಪತ್ರಿಕೆ ಓದುವ ಮೊದಲೇ ಸಂಬಂಧ ಬೇಡ ಅಂದ ಹಾಗಾಯಿತು.

ಫೆಬ್ರವರಿ 7ರಂದು ಲ್ಯಾಂಕ್‌ಫರ್ಡ್ ಸದನದಲ್ಲಿ ಎದ್ದು ನಿಂತು ಒಂದು ಸಂಗತಿ ಹೇಳಿದರು. ನಾಲ್ಕು ವಾರದ ಹಿಂದೆ, ಮಸೂದೆಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ, ಒಬ್ಬ ಜನಪ್ರಿಯ ರಾಜಕೀಯ ವ್ಯಾಖ್ಯಾನಕಾರ ಅವರಿಗೆ ನೇರವಾಗಿ ಹೇಳಿದ್ದನಂತೆ: ಈ ಚುನಾವಣೆಯ ವರ್ಷ ಗಡಿ ಬಿಕ್ಕಟ್ಟು ಬಗೆಹರಿಸುವ ಮಸೂದೆ ತಂದರೆ ನಿನ್ನನ್ನು ಮುಗಿಸಲು ಏನು ಬೇಕಾದರೂ ಮಾಡುತ್ತೇನೆ, ಯಾಕೆಂದರೆ ಚುನಾವಣೆ ಹೊತ್ತಿಗೆ ಇದು ಬಗೆಹರಿಯುವುದು ನನಗೆ ಬೇಕಿಲ್ಲ. ಆ ಮನುಷ್ಯನ ಹೆಸರು ಲ್ಯಾಂಕ್‌ಫರ್ಡ್ ಹೇಳಲಿಲ್ಲ. ಇನ್ನೊಂದು ತಮಾಷೆ ಇದೆ. 2022ರಲ್ಲಿ ಲ್ಯಾಂಕ್‌ಫರ್ಡ್‌ಗೆ ಬೆಂಬಲ ಘೋಷಿಸಿದ್ದ ಟ್ರಂಪ್, ಈ ಗಲಾಟೆಯ ನಡುವೆ ನಾನು ಅವನಿಗೆ ಬೆಂಬಲ ಕೊಟ್ಟೇ ಇರಲಿಲ್ಲ ಅಂದುಬಿಟ್ಟರು.

ಮತ ಹಾಕಿದಾಗ ಪರ 49, ವಿರುದ್ಧ 50. ಬೇಕಿದ್ದದ್ದು 60. ರಿಪಬ್ಲಿಕನ್ನರಲ್ಲಿ ಪರವಾಗಿ ನಿಂತವರು ನಾಲ್ಕೇ ಜನ: ಲ್ಯಾಂಕ್‌ಫರ್ಡ್, ರಾಮ್ನಿ, ಸೂಸನ್ ಕಾಲಿನ್ಸ್, ಲೀಸಾ ಮುರ್ಕಾವ್ಸ್ಕಿ. ಮೆಕಾನೆಲ್ ವಿರುದ್ಧ. ಆರು ದಿನ ಕಳೆದು ಅದೇ ಸೆನೆಟ್, ಗಡಿಯ ಭಾಗ ಕಿತ್ತುಹಾಕಿ, ಬರೀ ವಿದೇಶಿ ನೆರವಿನ ಸುಮಾರು 9,500 ಕೋಟಿ ಡಾಲರನ್ನು 70-29ರಲ್ಲಿ ಪಾಸು ಮಾಡಿತು. ಗಡಿ ಇಲ್ಲದೆ ಉಕ್ರೇನಿಗೆ ಕಾಸಿಲ್ಲ ಅಂದ ಮಾತು ಎಲ್ಲಿ ಹೋಯಿತು ಅಂತ ಕೇಳಬೇಡಿ.

ನಮ್ಮ ಕಡೆ ಓದುಗರಿಗೆ ಇಲ್ಲಿ ಒಂದು ಗೊಂದಲ ಬರುತ್ತದೆ. ಅಧ್ಯಕ್ಷ ಬೈಡನ್, ಸೆನೆಟ್ಟಿನಲ್ಲೂ ಅವರದೇ ಪಕ್ಷದ ಕೈ ಮೇಲು, ಮತ್ತೆ ಪಾಸು ಮಾಡೋಕೆ ಏನು ಕಷ್ಟ? ನಮ್ಮಲ್ಲಿ ಸರ್ಕಾರ ಅಂದರೇನೇ ಲೋಕಸಭೆಯ ಬಹುಮತ. ಮೇಲೆ ವಿಪ್ ಇದೆ, 1985ರಿಂದ ಪಕ್ಷಾಂತರ ನಿಷೇಧ ಇದೆ. ಸರ್ಕಾರದ ಮಸೂದೆ ಲೋಕಸಭೆಯಲ್ಲಿ ಬಿದ್ದರೆ ಸರ್ಕಾರವೇ ಅಲ್ಲಾಡುತ್ತದೆ. ಅಲ್ಲಿ ಹಾಗಲ್ಲ. ಸೆನೆಟ್ಟಿನಲ್ಲಿ 100 ಜನ, ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಬೇಕು. ಅಂದರೆ 41 ಜನ ಗಟ್ಟಿಯಾಗಿ ಕೂತರೆ ಸಾಕು, ಏನೂ ಮುಂದಕ್ಕೆ ಹೋಗುವುದಿಲ್ಲ. ಅದು ದಾಟಿದರೆ ಕೆಳಮನೆ. ಅಲ್ಲಿ ಯಾವ ಮಸೂದೆ ಮತಕ್ಕೆ ಬರಬೇಕು ಅನ್ನುವುದು ಬಹುಪಾಲು ಸ್ಪೀಕರ್ ಕೈಯಲ್ಲಿ. ಅವರು ಮೇಜಿನ ಮೇಲೆ ಇಡದಿದ್ದರೆ ಮುಗಿಯಿತು. ಯಾರೂ ವಿರುದ್ಧ ಮತ ಹಾಕಿ ಕೆಟ್ಟವರಾಗಬೇಕಾಗಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ತಡೆಯುವುದು ಅಗ್ಗ. ಹೀಗೆ ಮಾಡುವುದಕ್ಕೆ ಇರುವ ಮೂರು ಕಾರಣಗಳಲ್ಲಿ ಇದು ಮೊದಲನೆಯದು. ಇನ್ನೊಂದು, ತಡೆದವರ ಖಾತೆಗೆ ಅದರ ಖರ್ಚು ಬೀಳುವುದಿಲ್ಲ. ಗಡಿಯಲ್ಲಿ ಗದ್ದಲ ಆದರೆ ಜನ ನೋಡುವುದು ಶ್ವೇತಭವನದ ಕಡೆಗೆ. 41 ಸೆನೆಟರುಗಳ ಹೆಸರು ಯಾರಿಗೆ ನೆನಪಿರುತ್ತದೆ? 2024ರ ಫೆಬ್ರವರಿಯಲ್ಲಿ ಗ್ಯಾಲಪ್ ಸಂಸ್ಥೆ ದೇಶದ ಅತಿ ದೊಡ್ಡ ಸಮಸ್ಯೆ ಯಾವುದು ಅಂತ ಕೇಳಿದಾಗ 28 ಶೇಕಡ ಜನ ವಲಸೆ ಅಂದರು, ಅದೇ ಪಟ್ಟಿಯಲ್ಲಿ ಮೊದಲು. ಅಂಥ ವಿಷಯವನ್ನು ಎದುರಾಳಿ ಅಧ್ಯಕ್ಷನಿಗೆ ಬಗೆಹರಿಸಲು ಬಿಟ್ಟು, ಶ್ವೇತಭವನದ ಹೂದೋಟದಲ್ಲಿ ಸಹಿ ಹಾಕುವ ಫೋಟೊ ತೆಗೆಸಿಕೊಳ್ಳಲು ಬಿಡುವುದು ಯಾವ ಚುನಾವಣಾ ತಂತ್ರಜ್ಞನಿಗೂ ಹುಚ್ಚು ಅನ್ನಿಸುತ್ತದೆ. ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಅಲ್ಲಿನ ಹೆಚ್ಚಿನ ಕ್ಷೇತ್ರಗಳು ಯಾವುದೋ ಒಂದು ಪಕ್ಷದ ಕೋಟೆ. ಅಲ್ಲಿ ಗೆದ್ದವನಿಗೆ ಭಯ ಇರುವುದು ಎದುರಾಳಿ ಪಕ್ಷದ್ದಲ್ಲ, ಪಕ್ಷದ ಟಿಕೆಟ್ ಯಾರಿಗೆ ಅಂತ ಮತದಾರರೇ ತೀರ್ಮಾನಿಸುವ, ತನ್ನದೇ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯದ್ದು.

ಆ ಭಯ ಬರೀ ಊಹೆಯದ್ದಲ್ಲ. 2013ರಲ್ಲಿ ಎರಡೂ ಪಕ್ಷದ ಎಂಟು ಸೆನೆಟರುಗಳು ಸೇರಿ ಬರೆದ ದೊಡ್ಡ ವಲಸೆ ಮಸೂದೆ ಸೆನೆಟ್ಟಿನಲ್ಲಿ 68-32ರಲ್ಲಿ ಪಾಸಾಯಿತು, 14 ರಿಪಬ್ಲಿಕನ್ನರೂ ಪರ. ಅದಕ್ಕೆ ಕೆಲವೇ ತಿಂಗಳ ಹಿಂದೆ ರಿಪಬ್ಲಿಕನ್ ಪಕ್ಷವೇ, 2012ರ ಸೋಲಿನ ಪರಾಮರ್ಶೆಯಲ್ಲಿ, ವಲಸೆ ಸುಧಾರಣೆ ಬೆಂಬಲಿಸದೆ ನಮಗೆ ಉಳಿಗಾಲವಿಲ್ಲ ಅನ್ನುವ ಅರ್ಥದ ವರದಿ ಬರೆದಿತ್ತು. ಆದರೂ ಸ್ಪೀಕರ್ ಜಾನ್ ಬೇನರ್ ಅದನ್ನು ಕೆಳಮನೆಯಲ್ಲಿ ಮತಕ್ಕೆ ತರಲಿಲ್ಲ. ತಮ್ಮ ಪಕ್ಷದ ಬಹುಪಾಲು ಸದಸ್ಯರಿಗೆ ಒಪ್ಪಿಗೆ ಇಲ್ಲದ್ದನ್ನು ತರುವುದಿಲ್ಲ ಅನ್ನುವುದು ಅವರ ಕಾರಣ. ತಂದಿದ್ದರೆ ಡೆಮಾಕ್ರಟರು ಮತ್ತು ಒಂದಿಷ್ಟು ರಿಪಬ್ಲಿಕನ್ನರು ಸೇರಿ ಪಾಸು ಮಾಡಿಬಿಡುತ್ತಿದ್ದರು ಅಂತ ಆಗ ಬಹಳ ಜನ ಲೆಕ್ಕ ಹಾಕಿದ್ದರು. ಅಷ್ಟರಲ್ಲಿ 2014ರ ಜೂನ್ 10 ಬಂತು. ಕೆಳಮನೆಯ ರಿಪಬ್ಲಿಕನ್ನರಲ್ಲಿ ಎರಡನೇ ಸ್ಥಾನದಲ್ಲಿದ್ದ ಎರಿಕ್ ಕ್ಯಾಂಟರ್, ವರ್ಜೀನಿಯಾದ ತಮ್ಮ ಕ್ಷೇತ್ರದ ಪ್ರಾಥಮಿಕ ಚುನಾವಣೆಯಲ್ಲಿ ಡೇವ್ ಬ್ರಾಟ್ ಅನ್ನುವ ಅರ್ಥಶಾಸ್ತ್ರದ ಮೇಷ್ಟ್ರ ಕೈಲಿ ಸೋತರು. ಕ್ಯಾಂಟರ್ ವಲಸೆ ವಿಷಯದಲ್ಲಿ ಮೆತ್ತಗಾಗಿದ್ದಾರೆ ಅನ್ನುವುದು ಬ್ರಾಟ್ ಪ್ರಚಾರದ ಮುಖ್ಯ ಅಸ್ತ್ರ. ಆ ರಾತ್ರಿಯ ಫಲಿತಾಂಶ ನೋಡಿದ ಯಾವ ರಿಪಬ್ಲಿಕನ್ ಸದಸ್ಯನೂ ಹತ್ತು ವರ್ಷ ಅದನ್ನು ಮರೆಯಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಅದೇ ತಿಂಗಳ ಕೊನೆಗೆ ಆಗಿನ ಡೆಮಾಕ್ರಟ್ ಅಧ್ಯಕ್ಷ ಒಬಾಮ ಹೊರಗೆ ಬಂದು, ಈ ವರ್ಷ ಮತಕ್ಕೆ ತರುವುದಿಲ್ಲ ಅಂತ ಬೇನರ್ ತಿಳಿಸಿದ್ದಾರೆ ಅಂದರು.

ಆ 2013ರ ಮಸೂದೆಯಲ್ಲಿ ಉದ್ಯೋಗದ ಗ್ರೀನ್ ಕಾರ್ಡಿಗೆ ದೇಶವಾರು ಮಿತಿ ತೆಗೆದುಹಾಕುವ ಪ್ರಸ್ತಾಪವಿತ್ತು. ಜೊತೆಗೆ ಎಚ್-1ಬಿ ಮೇಲೆ ಜಾಸ್ತಿ ಅವಲಂಬಿಸಿದ ಕಂಪನಿಗಳ ಮೇಲೆ ಭಾರಿ ಶುಲ್ಕ, ಕಟ್ಟುಪಾಡು. ಹಾಗಾಗಿ ಅದು ಬಿದ್ದಾಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ನಿಟ್ಟುಸಿರು ಬಿಟ್ಟವು, ಅವೇ ಕಂಪನಿಗಳ ಮೂಲಕ ಹೋಗಿ ಅಲ್ಲಿ ಕಾರ್ಡಿಗೆ ಕಾಯುತ್ತಿದ್ದ ನೌಕರರು ತಲೆ ಮೇಲೆ ಕೈ ಹೊತ್ತರು.

ಇಲ್ಲಿಯವರೆಗೆ ಒಂದೇ ಪಕ್ಷವನ್ನು ಬೈದ ಹಾಗಾಯಿತು. ಇನ್ನೊಂದು ಕಡೆಗೂ ಹೋಗೋಣ.

ಕಾಂಗ್ರೆಸ್ ಕಾನೂನು ಮಾಡದಿದ್ದರೆ 2014ರ ಬೇಸಿಗೆ ಮುಗಿಯುವುದರೊಳಗೆ ವಲಸೆಯ ಬಗ್ಗೆ ತಾನೇ ಆದೇಶ ಹೊರಡಿಸುತ್ತೇನೆ ಅಂದಿದ್ದ ಒಬಾಮ, ಸೆಪ್ಟೆಂಬರಿನಲ್ಲಿ ಅದನ್ನು ನವೆಂಬರ್ ಚುನಾವಣೆ ಆಚೆಗೆ ತಳ್ಳಿದರು. ಕಠಿಣ ರಾಜ್ಯಗಳಲ್ಲಿ ನಿಂತಿದ್ದ ಡೆಮಾಕ್ರಟ್ ಸೆನೆಟರುಗಳಿಗೆ ತೊಂದರೆಯಾಗುತ್ತದೆ ಅನ್ನುವುದು ಗುಟ್ಟಾಗಿಯೇನೂ ಇರಲಿಲ್ಲ. ನವೆಂಬರ್ 20ಕ್ಕೆ ಆದೇಶ ಬಂತು. ಅಷ್ಟರಲ್ಲಿ ಆ ಸೆನೆಟರುಗಳಲ್ಲಿ ಹಲವರು ಹೇಗೂ ಸೋತಿದ್ದರು. ಆದೇಶ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡು, 2016ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 4-4 ಸಮನಾಗಿ ಒಡೆದು ಅಲ್ಲೇ ನಿಂತಿತು.

2024ರಲ್ಲೂ ಅಷ್ಟೇ. ಮೇ 23ರಂದು ಡೆಮಾಕ್ರಟ್ ನಾಯಕ ಚಕ್ ಶೂಮರ್ ಅದೇ ಗಡಿ ಮಸೂದೆಯನ್ನು ಮತ್ತೆ ಮತಕ್ಕೆ ತಂದರು. ಪಾಸಾಗುವುದಿಲ್ಲ ಅಂತ ಗೊತ್ತಿತ್ತು. ನೋಡಿ, ರಿಪಬ್ಲಿಕನ್ನರಿಗೇ ಬೇಡ ಅಂತ ತೋರಿಸುವುದಷ್ಟೇ ಉದ್ದೇಶ. 43-50ರಲ್ಲಿ ಬಿತ್ತು. ಈ ಸಲ ಅದರ ವಿರುದ್ಧ ಮತ ಹಾಕಿದವರಲ್ಲಿ ಲ್ಯಾಂಕ್‌ಫರ್ಡ್ ಮತ್ತು ಸಿನೆಮಾ ಇದ್ದರು. ಬರೆದ ಮೂವರಲ್ಲಿ ಇಬ್ಬರು! ಮಸೂದೆ ಈಗ ಬರೀ ಪ್ರಚಾರದ ಸರಕು ಅನ್ನುವುದು ಅವರ ಸಿಟ್ಟು. ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಅರ್ಥ ಇರುವ ಮತದಾನ ಇದೇ ಅನ್ನಿಸುತ್ತದೆ. ಫೆಬ್ರವರಿಯದ್ದಕ್ಕಿಂತ ಜಾಸ್ತಿ.

ರಿಪಬ್ಲಿಕನ್ನರ ಆಕ್ಷೇಪಗಳೆಲ್ಲ ಬರೀ ನೆಪ ಅಂತಲೂ ಹೇಳಲಾರೆ. ದಿನಕ್ಕೆ 5,000 ಜನರನ್ನು ಒಳಗೆ ಬಿಡುವ ಮಸೂದೆ ಅಂದದ್ದು ಸುಳ್ಳು, ಅದು ಬಾಗಿಲು ಮುಚ್ಚುವ ಗೆರೆಯೇ ಹೊರತು ಒಳಗೆ ಬಿಡುವ ಕೋಟಾ ಅಲ್ಲ. ಆದರೆ ಮುಚ್ಚುವ ಅಧಿಕಾರಕ್ಕೆ ಮೊದಲ ವರ್ಷ 270 ದಿನದ ಮಿತಿ ಇತ್ತು, ಮೂರು ವರ್ಷಕ್ಕೆ ಅದು ತಾನಾಗೇ ಮುಗಿಯುತ್ತಿತ್ತು. ಕೆಳಮನೆಯ ರಿಪಬ್ಲಿಕನ್ನರು 2023ರ ಮೇ ತಿಂಗಳಲ್ಲೇ ತಮ್ಮದೊಂದು ಬಹಳ ಬಿಗಿಯಾದ ಮಸೂದೆ ಪಾಸು ಮಾಡಿದ್ದರು, ನಮಗೆ ಅದೇ ಬೇಕು ಅಂತ ಹಟ ಹಿಡಿಯುವುದರಲ್ಲಿ ಅಪ್ರಾಮಾಣಿಕತೆ ಇಲ್ಲ. ಅವರ ಗಟ್ಟಿ ವಾದ ಇನ್ನೊಂದಿತ್ತು: ಹೊಸ ಕಾನೂನು ಯಾಕೆ, ಅಧ್ಯಕ್ಷನಿಗೆ ಈಗಿರುವ ಅಧಿಕಾರವೇ ಸಾಕು, ಬೈಡನ್‌ಗೆ ಮನಸ್ಸಿಲ್ಲ ಅಷ್ಟೇ.

ಈ ವಾದಕ್ಕೆ ಬಲ ಕೊಟ್ಟವರು ಯಾರು? ಸ್ವತಃ ಬೈಡನ್. ಕಾಂಗ್ರೆಸ್ ಕಾನೂನು ಕೊಡದೆ ನನ್ನ ಕೈ ಕಟ್ಟಿದೆ ಅನ್ನುತ್ತಿದ್ದವರು ಜೂನ್ 4ರಂದು ತಾವೇ ಒಂದು ಘೋಷಣೆಗೆ ಸಹಿ ಹಾಕಿದರು. ದಿನದ ಸರಾಸರಿ 2,500 ದಾಟಿದರೆ ಆಶ್ರಯದ ಬಾಗಿಲು ಬಹುಪಾಲು ಬಂದ್. ಮೆಕ್ಸಿಕೊ ಕೂಡ ಆ ವರ್ಷದ ಶುರುವಿನಿಂದ ತನ್ನ ಕಡೆ ಬಿಗಿ ಮಾಡಿತ್ತು. ಡಿಸೆಂಬರಿನಲ್ಲಿ 2.5 ಲಕ್ಷ ಇದ್ದದ್ದು ಸೆಪ್ಟೆಂಬರಿಗೆ ಸುಮಾರು 54 ಸಾವಿರಕ್ಕೆ ಇಳಿಯಿತು. ಇಳಿದದ್ದು ಒಳ್ಳೆಯದೇ, ಆದರೆ ಡೆಮಾಕ್ರಟರಿಗೆ ಅದು ಬಿಸಿ ತುಪ್ಪ, ನುಂಗೋಕೂ ಆಗಲ್ಲ ಉಗುಳೋಕೂ ಆಗಲ್ಲ. ಇಳಿಸಿದ್ದೇವೆ ಅಂತ ಹೇಳಿಕೊಂಡರೆ, ಮೂರು ವರ್ಷ ಯಾಕೆ ಸುಮ್ಮನಿದ್ದಿರಿ ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ.

ತಂತ್ರ ಫಲಿಸಿತಾ? ಮೊದಲಿಗೆ ಉಲ್ಟಾ ಹೊಡೆಯುವ ಹಾಗೆ ಕಂಡಿತು. ಮಸೂದೆ ಬಿದ್ದು ವಾರ ತುಂಬುವುದರೊಳಗೆ, ಫೆಬ್ರವರಿ 13ರಂದು, ನ್ಯೂಯಾರ್ಕಿನ ಲಾಂಗ್ ಐಲೆಂಡ್ ಕಡೆಯ ಒಂದು ಕ್ಷೇತ್ರಕ್ಕೆ ಉಪಚುನಾವಣೆ ಆಯಿತು. ಡೆಮಾಕ್ರಟ್ ಟಾಮ್ ಸುವಾಜಿ ಗಡಿಯ ವಿಷಯದಿಂದ ಓಡಿಹೋಗದೆ ನೇರ ಎತ್ತಿಕೊಂಡರು, ನಾನು ಈ ಮಸೂದೆ ಬೇಕು ಅಂತೀನಿ, ನನ್ನ ಎದುರಾಳಿ ಬೇಡ ಅಂತಾರೆ ಅಂತ ಹೇಳಿ ರಿಪಬ್ಲಿಕನ್ನರ ಕೈಲಿದ್ದ ಸೀಟನ್ನು ಗೆದ್ದರು. ಡೆಮಾಕ್ರಟರಿಗೆ ದಾರಿ ಸಿಕ್ಕಿತು ಅನ್ನಿಸಿತು. ಬೈಡನ್ ಬದಲು ಕಮಲಾ ಹ್ಯಾರಿಸ್ ಅಭ್ಯರ್ಥಿಯಾದ ಮೇಲೆ ಪಕ್ಷದ ಸಮಾವೇಶದಲ್ಲೂ ಇದೇ ಮಾತು, ಸೆಪ್ಟೆಂಬರ್ ಚರ್ಚೆಯಲ್ಲೂ ಇದೇ ಮಾತು, ಮಸೂದೆ ತಂದು ಸಹಿ ಹಾಕುತ್ತೇನೆ, ಕೊಂದವರು ಟ್ರಂಪ್.

ದೇಶದ ಮಟ್ಟದಲ್ಲಿ ಅದು ಹತ್ತಲಿಲ್ಲ. ಯಾಕೆ ಅಂತ ನಾನು ಬಹಳ ಯೋಚಿಸಿದ್ದೇನೆ. ಗಡಿ ತೆರೆದಿದೆ ಅನ್ನುವುದು ಎರಡು ಪದ. ಅದಕ್ಕೆ ಉತ್ತರ ಕೊಡಬೇಕಾದರೆ ಒಂದು ಮಸೂದೆ ಇತ್ತು, ಅದನ್ನು ಎರಡೂ ಪಕ್ಷದವರು ಬರೆದರು, 60 ಮತ ಬೇಕಿತ್ತು, ಅವರು ಕೊಡಲಿಲ್ಲ, ಕೊಡದಂತೆ ಹೇಳಿದ್ದು ಆಗ ಯಾವ ಹುದ್ದೆಯಲ್ಲೂ ಇಲ್ಲದ ಒಬ್ಬ ಮನುಷ್ಯ ಅಂತೆಲ್ಲ ವಿವರಿಸಬೇಕು. ಅಷ್ಟರಲ್ಲಿ ಕೇಳುವವರು ಚಾನೆಲ್ ಬದಲಿಸಿರುತ್ತಾರೆ. ಟ್ರಂಪ್ ರಾಜ್ಯವಾರು ಲೆಕ್ಕದ 312 ಎಲೆಕ್ಟೋರಲ್ ಮತ ಪಡೆದು ಗೆದ್ದರು. ಬೆಲೆ ಏರಿಕೆ ಇಲ್ಲದಿದ್ದರೆ, ಬೈಡನ್ ವಯಸ್ಸಿನ ಪ್ರಶ್ನೆ ಇಲ್ಲದಿದ್ದರೆ ಬರೀ ಗಡಿಯಿಂದ ಈ ಫಲಿತಾಂಶ ಬರುತ್ತಿತ್ತು ಅಂತ ನಾನು ನಂಬುವುದಿಲ್ಲ. ಆದರೆ ಮಸೂದೆ ಪಾಸಾಗಿದ್ದರೆ ಟ್ರಂಪ್ ಭಾಷಣದ ಅರ್ಧ ಭಾಗ ಹಳಸಿರುತ್ತಿತ್ತು.

ಚುನಾವಣೆ ಹತ್ತಿರ ಬಂದರೆ ವಲಸೆ ಕಾನೂನು ಆಗುವುದೇ ಇಲ್ಲವಾ ಅಂತ ಒಬ್ಬರು ಕೇಳಿದರು. ಆಗಿದೆ. ರೇಗನ್ ಕಾಲದಲ್ಲಿ, 1986ರ ಅಕ್ಟೋಬರ್ ಮಧ್ಯದಲ್ಲಿ, ಅಧ್ಯಕ್ಷರ ಅವಧಿಯ ನಡುವೆ ಬರುವ ಕಾಂಗ್ರೆಸ್ ಚುನಾವಣೆಗೆ ಮೂರು ವಾರವೂ ಇಲ್ಲದಾಗ, ಎರಡೂ ಮನೆಗಳು ಸೇರಿ ಪಾಸು ಮಾಡಿದ ಕಾಯ್ದೆಯಿಂದ ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧ ನೆಲೆ ಸಿಕ್ಕಿತು. 1996ರಲ್ಲಿ ಕ್ಲಿಂಟನ್ ಮರುಚುನಾವಣೆಗೆ ಒಂದು ತಿಂಗಳ ಮುಂಚೆ, ಸೆಪ್ಟೆಂಬರ್ 30ರಂದು, ಬಹಳ ಕಠಿಣವಾದ ವಲಸೆ ಕಾಯ್ದೆಗೆ ಸಹಿ ಹಾಕಿದರು. ಆಗ ಎರಡೂ ಪಕ್ಷಗಳೊಳಗೆ ವಲಸೆ ಬೇಕು ಅನ್ನುವವರೂ ಇದ್ದರು, ಬೇಡ ಅನ್ನುವವರೂ ಇದ್ದರು. ರಿಪಬ್ಲಿಕನ್ನರಲ್ಲಿ ಕಾರ್ಖಾನೆ, ತೋಟದ ಮಾಲೀಕರು, ಡೆಮಾಕ್ರಟರಲ್ಲಿ ಕೂಲಿ ಇಳಿಯುತ್ತದೆ ಅನ್ನುವ ಕಾರ್ಮಿಕ ಸಂಘಗಳು. ಪಕ್ಷಕ್ಕೆ ಪಕ್ಷವೇ ಒಂದೊಂದು ಬದಿಗೆ ಸರಿದ ಮೇಲೆ ಎದುರಾಳಿಗೆ ಸಿಗುವ ಪ್ರತಿ ಯಶಸ್ಸೂ ನಮ್ಮ ನಷ್ಟ ಅನ್ನುವ ಲೆಕ್ಕ ಶುರುವಾಯಿತು.

ಇನ್ನೊಬ್ಬ ಯುವಕ ಕೇಳಿದ್ದು: ಸರ್, ಗಡಿ ದಾಟಿ ಬರುವವರ ಜಗಳಕ್ಕೂ ನಮ್ಮ ಎಚ್-1ಬಿಗೂ ಏನು ಸಂಬಂಧ? ಒಳ್ಳೆಯ ಪ್ರಶ್ನೆ. 1952ರ ವಲಸೆ ಕಾಯ್ದೆಯಲ್ಲಿ 212(ಎಫ್) ಅಂತ ಒಂದು ಕಲಂ ಇದೆ. ದೇಶದ ಹಿತಕ್ಕೆ ಮಾರಕ ಅನ್ನಿಸಿದರೆ ಯಾವುದೇ ವರ್ಗದ ವಿದೇಶಿಯರ ಪ್ರವೇಶವನ್ನು ಅಧ್ಯಕ್ಷ ಒಂದು ಘೋಷಣೆಯಿಂದ ತಡೆಯಬಹುದು. 2017ರ ಪ್ರಯಾಣ ನಿಷೇಧ ಇದರ ಮೇಲೇ ನಿಂತಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೈಡನ್ 2024ರ ಜೂನಿನಲ್ಲಿ ಬಳಸಿದ್ದೂ ಇದನ್ನೇ. 2025ರ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ ಟ್ರಂಪ್ ಹಾಕಿದ ಸಹಿಗೂ ಇದೇ ಕಲಂ ಆಧಾರ. ಆ ವಾರಾಂತ್ಯ ರಜೆಗೆ ಊರಿಗೆ ಬಂದಿದ್ದವರೆಲ್ಲ ಬೆಂಗಳೂರು ಏರ್‌ಪೋರ್ಟಿಗೆ ಓಡಬೇಕಾ ಬೇಡವಾ ಅಂತ ಒದ್ದಾಡಿದ್ದು, ಇದು ಹೊಸ ಅರ್ಜಿಗಳಿಗೆ ಮಾತ್ರ ಅಂತ ಮಾರನೇ ದಿನ ಸ್ಪಷ್ಟನೆ ಬಂದದ್ದು ನಿಮಗೆ ನೆನಪಿರಬಹುದು. ಕಾಂಗ್ರೆಸ್ ಕಾನೂನು ಮಾಡುವುದನ್ನು ನಿಲ್ಲಿಸಿದಾಗ ಆ ಜಾಗಕ್ಕೆ ಬರುವುದು ಇಂಥ ಘೋಷಣೆಗಳು. ಸಹಿ ಹಾಕಿದವನು ಹೋದರೆ ಮುಂದೆ ಬರುವವನು ಅಳಿಸಬಹುದು, ಅಥವಾ ಇನ್ನಷ್ಟು ಬಿಗಿ ಮಾಡಬಹುದು.

ಟ್ರಂಪ್ ಗೆದ್ದ ಮೇಲಾದರೂ ಆ ಕಾನೂನು ತಂದರಾ? ಇಲ್ಲ. 2025ರಲ್ಲಿ ಎರಡೂ ಮನೆ ಅವರ ಪಕ್ಷದ ಕೈಲಿದ್ದವು. ಜುಲೈ 4ರಂದು ಸಹಿ ಬಿದ್ದ ದೊಡ್ಡ ಬಜೆಟ್ ಕಾಯ್ದೆಯಲ್ಲಿ ಗಡಿ ಮತ್ತು ವಲಸೆ ಜಾರಿಗೆ ಸುಮಾರು 17,000 ಕೋಟಿ ಡಾಲರ್ ಬಂತು. ಬಜೆಟ್ ದಾರಿಗೆ 60 ಮತ ಬೇಡ, ಸಾದಾ ಬಹುಮತ ಸಾಕು. ಆದರೆ ಆ ದಾರಿಯಲ್ಲಿ ದುಡ್ಡು, ಶುಲ್ಕ ಸೇರಿಸಬಹುದೇ ಹೊರತು ಆಶ್ರಯ ಕಾನೂನಿನ ಮೂಲ ಪಠ್ಯವನ್ನು ತಿದ್ದಲು ಆಗುವುದಿಲ್ಲ. 21 ತುಂಬುವ ಮಕ್ಕಳ ವಿಷಯ ಅದರಲ್ಲಿ ಇರಲಿಲ್ಲ.

ಕೊನೆಗೆ ಒಬ್ಬ ಹಿರಿಯರು ಕೇಳಿದರು, ಇನ್ನೊಂದು ಸಲ ಇಂಥ ಮಸೂದೆ ಬಂದರೆ ಅದು ನಿಜವೋ ನಾಟಕವೋ ಅಂತ ಪೇಪರ್ ಓದಿ ಗೊತ್ತು ಮಾಡುವುದು ಹೇಗಪ್ಪಾ ಅಂತ. ನಾನು ನೋಡುವುದು ತಾರೀಖುಗಳನ್ನು. ಪಠ್ಯ ಬರುವ ಮೊದಲೇ ಬೇಡ ಅಂದರಾ, ಓದಿ ಬೇಡ ಅಂದರಾ? ಆಮೇಲೆ ಕೆಳಮನೆಯಲ್ಲಿ 218ರ ಅರ್ಜಿ ಇದೆಯಾ ಅಂತ ನೋಡುತ್ತೇನೆ. ಸ್ಪೀಕರ್ ಮಸೂದೆಯನ್ನು ಅದುಮಿಟ್ಟರೆ 218 ಸದಸ್ಯರು ಸಹಿ ಹಾಕಿ ಅದನ್ನು ಬಲವಂತವಾಗಿ ಮತಕ್ಕೆ ಎಳೆಯಬಹುದು. 2014ರ ಮಾರ್ಚಿನಲ್ಲಿ ಡೆಮಾಕ್ರಟರು ವಲಸೆ ಮಸೂದೆಗೆ ಅಂಥ ಅರ್ಜಿ ಹಾಕಿದ್ದರು. ಸುಧಾರಣೆ ಬೇಕು ಅಂತ ಟಿವಿಯಲ್ಲಿ ಹೇಳಿಕೊಂಡಿದ್ದ ರಿಪಬ್ಲಿಕನ್ನರು ಆಗ ಸಾಕಷ್ಟು ಜನ ಇದ್ದರು. ಅರ್ಜಿ 218 ಮುಟ್ಟಲೇ ಇಲ್ಲ.